ಸ್ಟಾಕ್ ಬುಕ್ಕಿನ ಕಂಚಿನ ಗಂಟೆ

ನಾಗಯ್ಯ ಮೇಷ್ಟ್ರನ್ನು ನನ್ನ ಅಂಗಡಿಯ ತೂಕದ ಮೆಷಿನ್ ಮೇಲೆ ನಿಲ್ಲಿಸಿದರೆ ಐವತ್ತೆರಡು ಕೆಜಿ ಬರಬಹುದು. ಅದರಲ್ಲಿ ಎರಡು ಕೆಜಿ ಹೆಗಲ ಚೀಲದ್ದು. ಚೀಲದೊಳಗೆ ಊಟದ ಡಬ್ಬಿ, ಎರಡು ಪೆನ್ನು, ಶಾಲೆಯ ಸೀಲು, ಇಂಕ್ ಪ್ಯಾಡು, ಆಮೇಲೆ ಮೇಲಿನವರಿಗೆ ಬರೆದ ಪ್ರತಿಯೊಂದು ಕಾಗದದ ನಕಲು. ಮನುಷ್ಯ ಕಬ್ಬಿಣದ ಜಾತಿಯಲ್ಲ, ತಾಮ್ರವೂ ಅಲ್ಲ. ಹಳೇ ಅಲ್ಯೂಮಿನಿಯಂ ಪಾತ್ರೆ. ಹಗುರ, ಅಲ್ಲಲ್ಲಿ ನೆಗ್ಗಿದೆ, ತೂತು ಮಾತ್ರ ಇಲ್ಲ. ಗುಂಡ್ಲುಪೇಟೆಯಲ್ಲಿ ಮೂವತ್ತೊಂದು ವರ್ಷದಿಂದ ಗುಜರಿ ಅಂಗಡಿ ಇಟ್ಟುಕೊಂಡು ಕೂತವನು ನಾನು. ವಸ್ತು ಆಟೋದಿಂದ ಇಳಿಯುವ ಮೊದಲೇ ಬೆಲೆ ಹೇಳಿಬಿಡುತ್ತೇನೆ. ಈ ಮೇಷ್ಟ್ರ ಬೆಲೆ ಕಟ್ಟುವಾಗ ಮಾತ್ರ ಎರಡು ಸಲ ತಪ್ಪಿದ್ದೇನೆ. ಎರಡು ಸಲವೂ ಕಮ್ಮಿ ಕಟ್ಟಿದ್ದೆ.

ಅವರು ಹುಟ್ಟಿದ್ದು ಉಮ್ಮತ್ತೂರಿನಲ್ಲಿ. ತಾಯಿ ಕೂಲಿಗೆ ಹೋಗಿ ಓದಿಸಿದರು. ಆ ಮನೆಯಲ್ಲಿ ಸಂಬಳದ ಚೀಟಿ ಅನ್ನುವುದನ್ನು ಕೈಯಲ್ಲಿ ಹಿಡಿದ ಮೊದಲನೆಯವರು ಇವರೇ. ಕೊಟ್ಟ ಸರ್ಕಾರ ಯಾವತ್ತು ಬೇಕಾದರೂ ಬಂದು ವಾಪಸ್ ಇಸಕೊಂಡು ಹೋಗುತ್ತೆ ಅನ್ನೋ ಅಂಜಿಕೆ ಅವತ್ತು ಹೊಕ್ಕಿದ್ದು, ಅರವತ್ತು ಹತ್ತಿರ ಬಂದರೂ ಹೋಗಿರಲಿಲ್ಲ. ಹೆಡ್‌ಮೇಷ್ಟ್ರಾಗಿದ್ದ ಶಾಲೆ ತೆರಕಣಾಂಬಿಯಿಂದ ಮೂರು ಮೈಲಿ ಒಳಗೆ. ಊರಿನ ಹೆಸರು ಬೇಡ. ಇಲ್ಲಿರುವ ಹೆಸರುಗಳೂ ಅವರವರವಲ್ಲ, ನನ್ನದೂ ಸೇರಿ. ಫೈಲು ಇನ್ನೂ ಮುಚ್ಚಿಲ್ಲ.

ಆ ಶಾಲೆಯಲ್ಲಿ ನಮ್ಮ ಕಥೆಗೆ ಬೇಕಾದ್ದು ಎರಡು ರೂಮು. ಮೂಡಲ ಕಡೆಯದರ ಗೋಡೆ ಬಿರುಕು ಬಿಟ್ಟು, ನನ್ನ ಕಿರುಬೆರಳು ಆ ಸಂದಿಯಲ್ಲಿ ಪೂರ್ತಿ ಹೋಗುತ್ತಿತ್ತು. ನಾನೇ ಹಾಕಿ ನೋಡಿದ್ದೇನೆ. ಅದರಲ್ಲಿ ಮಕ್ಕಳು ಕೂರುತ್ತಿದ್ದರು. ಪಡುವಲ ಕಡೆಯದು ಗಟ್ಟಿ ಗೋಡೆ, ಸೋರದ ಹಂಚು. ಅದಕ್ಕೆ ಬೀಗ. ಒಳಗೆ ಕಾಲಿಲ್ಲದ ಬೆಂಚು, ತುಕ್ಕು ಹಿಡಿದ ಟ್ರಂಕು, ತಳ ಸುಟ್ಟ ಉಪ್ಪಿಟ್ಟಿನ ಕೊಪ್ಪರಿಗೆ, ಸತ್ತ ಮೂರು ಕಂಪ್ಯೂಟರು, ಗೆದ್ದಲು ತಿಂದ ನಕ್ಷೆಗಳ ಕೋಲು. ನಲವತ್ತು ವರ್ಷದ್ದು ರಾಶಿ.

ಉಲ್ಟಾ ಆಯ್ತಲ್ಲ ಅಂತ ಯಾರಿಗಾದರೂ ಅನಿಸುತ್ತೆ. ಆದರೆ ಸರ್ಕಾರಿ ಶಾಲೆಯ ವಸ್ತು ಮುರಿದರೂ ಸಾಯುವುದಿಲ್ಲ. ಸ್ಟಾಕ್ ಬುಕ್ಕಿನಲ್ಲಿ ಅದರ ಹೆಸರು ಇರುವವರೆಗೂ ಅದು ಬದುಕಿದೆ. ಹೆಸರು ಹೊಡೆದುಹಾಕಲು ಮೇಲಿನಿಂದ ಅಪ್ಪಣೆ ಬರಬೇಕು. ಮೊದಲು ಆ ಸಾಮಾನೆಲ್ಲ ಜಗುಲಿಯಲ್ಲಿತ್ತಂತೆ. ಒಂದು ಸಲ ತಪಾಸಣೆಗೆ ಬಂದ ಯಾರೋ ಸಾಹೇಬರು, ಸರ್ಕಾರಿ ಆಸ್ತಿ ಮಳೆಗೆ ನೆನೀತಿದೆ, ಸೋರದ ಸೂರಿನ ಕೆಳಗೆ ಇಡಿ ಅಂತ ಬರೆದು ಹೋದರು. ಸೋರದ ಸೂರು ಇದ್ದದ್ದು ಅದೊಂದೇ. ಮಕ್ಕಳು ಆಚೆ ಬಂದರು, ಮುರುಕಲು ಬೆಂಚು ಒಳಕ್ಕೆ ಹೋದವು.

ಇದನ್ನು ಕೇಳಿ ನಾನು ನಕ್ಕಾಗ ಮೇಷ್ಟ್ರು ಮುಖ ಸಣ್ಣಗೆ ಮಾಡಿಕೊಂಡರು.

"ನಗಬ್ಯಾಡಿ ಪುಟ್ಟರಾಜಣ್ಣ, ಬರವಣಿಗೆಲಿ ಕೊಟ್ಟವ್ರ."

ಸಾಮಾನು ವಿಲೇವಾರಿಗೆ ಅಪ್ಪಣೆ ಕೇಳಿ ಎಂಟು ವರ್ಷದಲ್ಲಿ ಹನ್ನೊಂದು ಕಾಗದ ಬರೆದಿದ್ದರು. ಒಂದಕ್ಕೆ ಉತ್ತರ ಬಂದಿತ್ತು: ಹಿಂದಿನ ಹತ್ತರ ನಕಲು ಕಳಿಸಿ ಅಂತ.

ಅಷ್ಟರಲ್ಲಿ ಆ ಕಾಯ್ದೆ ಬಂತು. ಶಾಲೆಗಳ ಮೇಲಿನ ಕಟ್ಟಳೆ ಇಳಿಸಿ, ಶಾಲೆ ಸುಧಾರಿಸುವ ಕಾಯ್ದೆ. ಹೆಸರು ಉದ್ದ ಇದೆ, ನಮ್ಮ ಕಡೆ ಜನ ಅದನ್ನು ಸಡಿಲದ ಕಾಯ್ದೆ ಅಂತ ಕರೆದುಬಿಟ್ಟರು. ಮೂವತ್ತನಾಲ್ಕು ರಿಜಿಸ್ಟರ್ ಇದ್ದದ್ದು ಒಂಬತ್ತಾಯಿತು. ಸಣ್ಣಪುಟ್ಟ ರಿಪೇರಿಗೆ, ಮುರಿದ ಸಾಮಾನು ಮಾರೋದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಹೆಡ್‌ಮೇಷ್ಟ್ರು, ಊರಿನ ಹೆತ್ತವರ ಸಮಿತಿ ಕೂತು ಠರಾವು ಮಾಡಿದರೆ ಮುಗೀತು. ಗುಂಡ್ಲುಪೇಟೆಯಲ್ಲಿ ಮೇಷ್ಟ್ರುಗಳನ್ನೆಲ್ಲ ಕೂರಿಸಿ ಇದನ್ನು ಹೇಳಿದ ದಿನ ಸಭೆಯಲ್ಲಿ ಚಪ್ಪಾಳೆ ಬಿತ್ತಂತೆ. ಕೊನೆಗೆ ವೇದಿಕೆಯ ಮೇಲಿದ್ದವರು ಒಂದು ಮಾತು ಸೇರಿಸಿದರು: "ಇನ್ನು ಮೇಲೆ ನಮ್ಮನ್ನು ಕೇಳಬೇಡಿ. ತೀರ್ಮಾನ ನಿಮ್ಮದು, ಸಹಿ ನಿಮ್ಮದು, ಏನಾದರೂ ಆದರೆ ಉತ್ತರವೂ ನಿಮ್ಮದೇ."

ಸಭೆ ಮುಗಿಸಿ ನಾಗಯ್ಯ ಮೇಷ್ಟ್ರು ನೇರ ನನ್ನ ಅಂಗಡಿಗೆ ಬಂದು, ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತರು. ಚೀಲ ಹೆಗಲಿನಿಂದ ಇಳಿಸಲಿಲ್ಲ.

"ಏನ್ ಮೇಷ್ಟ್ರೇ, ಸ್ವಾತಂತ್ರ್ಯ ಸಿಕ್ತಂತಲ್ಲ. ಸಿಹಿ ಎಲ್ಲಿ?" ಅಂದೆ.

"ಬಾಗ್ಲ ತಗುದ್ಬುಟ್ಟವ್ರ ಕಣ. ಆಚ್ಗ ಓಗಕ್ಕ ಕಾಲೇ ಬತ್ತಿಲ್ಲ."

"ಯಾಕ, ಏನ್ ಕಟ್ಟಿದ್ದದು ಕಾಲ್ಗ?"

"ಗಂಟೆ."

ನನಗೆ ತಕ್ಷಣ ಗೊತ್ತಾಯಿತು. ಗೊತ್ತಾಗದವನ ಹಾಗೆ ತಂತಿ ಸುತ್ತುತ್ತಾ ಕೂತೆ.

ಅದು ಎರಡು ಸಾವಿರದ ಆರನೇ ಇಸವಿಯ ಮಾತು. ಆಗ ಅಲ್ಲಿ ಹೆಡ್‌ಮೇಷ್ಟ್ರು ಚಿಕ್ಕಮಲ್ಲಪ್ಪನೋರು. ನಾಗಯ್ಯನೋರು ಅವರ ಕೈಕೆಳಗೆ ಸಹಶಿಕ್ಷಕರು. ಪಡುವಲ ರೂಮು ಮಳೆಗಾಲದಲ್ಲಿ ಹೊಳೆಯ ಹಾಗೆ ಸೋರುತ್ತಿತ್ತು. ಹಂಚು ಹೊದಿಸಲು ಚಿಕ್ಕಮಲ್ಲಪ್ಪನೋರು ಮೂರು ಸಲ ಅಪ್ಪಣೆ ಕೇಳಿ ಸುಸ್ತಾದರು. ಶಾಲೆಯಲ್ಲಿ ಹಿಂದಿನ ಕಾಲದ ಒಂದು ಕಂಚಿನ ಗಂಟೆ ಇತ್ತು. ಸೀಳು ಬಿಟ್ಟಿತ್ತು, ಹೊಡೆದರೆ ಮಡಕೆ ತಟ್ಟಿದ ಸದ್ದು. ಒಂದು ದಿನ ನಾಗಯ್ಯನೋರು ಅದನ್ನು ಗೋಣಿಯಲ್ಲಿ ಸುತ್ತಿ ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಬಂದರು. ಹಿಂದೆ ಬಸ್ಸಿನಲ್ಲಿ ಚಿಕ್ಕಮಲ್ಲಪ್ಪನೋರು. ನಾನು ತೂಗಿದೆ. ಆರೂವರೆ ಕೆಜಿ. ಎಲ್ಲಿಯದು ಅಂತ ಕೇಳಲಿಲ್ಲ. ಗುಜರಿಯವನು ಹಾಗೆಲ್ಲ ಕೇಳಿದರೆ ಅಂಗಡಿ ನಡೆಯುತ್ತದೆಯೇ? ಗಂಟೆ ಹೋಯಿತು, ಇನ್ನೂರು ಹಂಚು ಬಂತು. ಆ ರೂಮು ಅವತ್ತಿನಿಂದ ಇವತ್ತಿನವರೆಗೆ ಒಂದು ಹನಿ ಸೋರಿಲ್ಲ.

ಗಂಟೆಯ ಜಾಗಕ್ಕೆ ನಾನು ಒಂದು ತುಂಡು ರೈಲು ಕಂಬಿ ಕೊಟ್ಟೆ, ಪುಕ್ಕಟೆ. ಇದನ್ನು ಯಾರೂ ಹೊಗಳಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ದಿನಾ ಬಾರಿಸುವ ಆ ಕಂಬಿ ಯಾವ ಪುಸ್ತಕದಲ್ಲೂ ಇಲ್ಲ. ಪುಸ್ತಕದಲ್ಲಿರುವ ಗಂಟೆ ಲೋಕದಲ್ಲೇ ಇಲ್ಲ.

"ಆವಾಗ್ಲೆ ಹೊಡಿಸ್ಬೋದಿತ್ತಲ್ಲ ಹೆಸ್ರ?" ಅಂದೆ.

"ಅಪ್ಪಣೆ ಇಲ್ದಂಗ ಮಾರಿದ್ದ, ಹೆಸ್ರ ಹೊಡ್ಸಿ ಅಂತ ಯಾರ್ನ್ ಕೇಳದು?"

ಆಮೇಲೆ ಇನ್ನೊಂದು ಸಂಗತಿ ಇದೆ. ಇದು ಮೇಷ್ಟ್ರುಗಳ ಲೋಕದ ಮರ್ಯಾದೆ, ನಮ್ಮ ವ್ಯಾಪಾರದವರಿಗೆ ಅರ್ಥವಾಗುವಂಥದ್ದಲ್ಲ. ಹೆಡ್‌ಮೇಷ್ಟ್ರು ಬದಲಾದಾಗ ಚಾರ್ಜ್ ಪಟ್ಟಿ ಅಂತ ಮಾಡುತ್ತಾರೆ. ಹೋಗುವವರು ಇದ್ದದ್ದನ್ನೆಲ್ಲ ಓದುತ್ತಾರೆ, ಬರುವವರು ಸರಿ ಇದೆ ಅಂತ ಸಹಿ ಹಾಕುತ್ತಾರೆ. ಬೀಗ ತೆಗೆದು ಯಾರೂ ಎಣಿಸುವುದಿಲ್ಲ. ಎದುರಿಗೆ ನಿಂತು ಎಣಿಸಿದರೆ, ಹೋಗುತ್ತಿರುವ ಹಿರಿಯರನ್ನು ಕಳ್ಳ ಅಂದ ಹಾಗೆ. ಚಿಕ್ಕಮಲ್ಲಪ್ಪನೋರು ನಿವೃತ್ತಿಯಾದ ದಿನ ಕೊರಳಲ್ಲಿ ಹಾರ ಹಾಕಿಕೊಂಡೇ ಓದಿದರು: "ಕಂಚಿನ ಗಂಟೆ, ಒಂದು." ಸೈಕಲ್ಲಿನಲ್ಲಿ ಹೊತ್ತುಕೊಂಡು ಹೋಗಿದ್ದ ನಾಗಯ್ಯನೋರು ಅದರ ಮುಂದೆ ಬರೆದರು: "ಸರಿ ಇದೆ." ಆಮೇಲೆ ಎಲ್ಲರೂ ಕೇಸರಿಬಾತ್ ತಿಂದರು.

ಈಗ ಲೆಕ್ಕ ಹಾಕಿ. ಪಡುವಲ ರೂಮಿನ ಬೀಗ ತೆಗೆದರೆ ಎಣಿಸಬೇಕು. ಎಣಿಸಿದರೆ ಗಂಟೆ ಇಲ್ಲ. ಮೇ ಮೂವತ್ತೊಂದಕ್ಕೆ ಮೇಷ್ಟ್ರು ನಿವೃತ್ತಿ. ಶಾಲೆಯ ಒಂದು ಚಮಚ ಕಮ್ಮಿಯಾದರೂ ಪೆನ್ಷನ್ ಫೈಲು ಕೂತಲ್ಲೇ ಕೂರುತ್ತೆ. ಬೀಗ ತೆಗೆಯದಿದ್ದರೆ ಇಪ್ಪತ್ತಮೂರು ಮಕ್ಕಳು ಆ ಬಿರುಕಿನ ಕೆಳಗೆ. ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣವೆಂದರೆ ಚಿಕ್ಕಮಲ್ಲಪ್ಪನೋರು ತೀರಿಕೊಂಡು ಎರಡು ವರ್ಷ, ಅವರ ಹೆಂಡತಿ ದೊಡ್ಡಮಾದಮ್ಮ ಗಂಡನ ಅರ್ಧ ಪೆನ್ಷನ್ನಿನಲ್ಲಿ ಬದುಕುತ್ತಿದ್ದಾರೆ.

"ಸತ್ತೋರ್ ಹೆಸ್ರ ಎಳುದ್ರ ಆ ಮುದುಕಮ್ಮನ್ ಪೆನ್ಷನ್ನಿಗೂ ಕೈ ಇಕ್ಕುದ್ರ ಏನ್ ಮಾಡದು? ನಮ್ ಅಣ್ಣನಂಗಿದ್ರು ಅವ್ರು."

"ಹಂಗಾದ್ರ ಸುಮ್ನ ಇದ್ಬುಡಿ. ಇಷ್ಟ್ ದಿನ ಇದ್ದಂಗ."

"ಇಷ್ಟ್ ದಿನ ಅಪ್ಪಣೆ ಬಂದಿಲ್ಲ ಅಂತಿದ್ದಿ ನಾನು. ಮನಿಕಂಡ್ರ ನಿದ್ದ ಬತ್ತಿತ್ತು. ಈಗ ಏನನ್ಲಿ?"

ಇದಕ್ಕೆ ನನ್ನ ಹತ್ತಿರ ಔಷಧಿ ಇತ್ತು. ಮುಚ್ಚಿಹೋದ ಅಕ್ಕಿ ಗಿರಣಿಯೊಂದರಲ್ಲಿ ಕೊಂಡ ಗಂಟೆ, ಒಳಗೆ ಕಪಾಟಿನ ಮೇಲೆ. ತಂದು ಅವರ ಮುಂದೆ ಇಟ್ಟೆ. "ಗೋಣಿಲಿ ಸುತ್ತಿ ತತ್ತಿನಿ. ಬೀಗ ತಗ್ದಾಗ ಮೂಲೇಲಿ ಮಡುಗ್ಬುಟ್ರ ಆಯ್ತು. ಪುಸ್ತಕದಲ್ಲಿ ಒಂದು, ಇಲ್ಲೂ ಒಂದು."

ಮೇಷ್ಟ್ರು ಉಗುರಿನಿಂದ ತಟ್ಟಿದರು. ಟಣ್ ಅಂತು.

"ಇದು ಸೀಳಿಲ್ಲ."

"ಸೀಳ್ಸಿ ಕೊಡ್ಲಾ?"

ಅವತ್ತು ಅವರು ನಕ್ಕದ್ದು ಅದೊಂದೇ ಸಲ. ಎದ್ದು ಚಪ್ಪಲಿ ಮೆಟ್ಟಿಕೊಂಡು, ನನ್ನ ಮುಖ ನೋಡದೆ, "ಆಯ್ತು, ತನ್ನಿ" ಅಂದರು. ನಾನು ಮನಸ್ಸಿನಲ್ಲೇ ಬೆಲೆ ಕಟ್ಟಿದೆ: ಎಲ್ಲರ ಹಾಗೇ ಮನುಷ್ಯ.

ಹಾಗಂದು ಹೋದವರು ಎರಡು ತಿಂಗಳು ಪತ್ತೆಯಿಲ್ಲ. ಇವತ್ತು ನಾಳೆ ಅಂತ ದೂಡಿದರು. ಸಮಿತಿಯ ಅಧ್ಯಕ್ಷ ಶಿವಮಲ್ಲು, ಬಾಳೆ ಬೆಳೆಯುವವನು, ಬಾಯಿ ಸ್ವಲ್ಪ ಜೋರು. ದಾರಿಯಲ್ಲಿ ಸಿಕ್ಕಾಗಲೆಲ್ಲ ಚುಚ್ಚುತ್ತಿದ್ದನಂತೆ: "ಕಾಯ್ದೆ ಬಂದು ಬೀಗವೇ ತುಕ್ಕಿಡೀತಲ್ಲ ಮೇಷ್ಟ್ರೇ, ಒಳಗೇನ್ ನಿಧಿ ಮಡ್ಗಿದ್ದರಾ?" ಆಮೇಲೆ ಅಕ್ಟೋಬರಿನ ಮಳೆಯಲ್ಲಿ ಮೂಡಲ ರೂಮಿನ ಗಾರೆ ಒಂದು ಮೊರದಗಲ ಕಳಚಿ ಬಿತ್ತು. ಊಟಕ್ಕೆ ಬಿಟ್ಟ ಹೊತ್ತು, ಯಾರೂ ಇರಲಿಲ್ಲ. ಏಳನೇ ಕ್ಲಾಸಿನ ಹರ್ಷಿತಾ ಅನ್ನೋ ಹುಡುಗಿಯ ಚೀಲ ಮಾತ್ರ ಗಾರೆಯಡಿ ಸಿಕ್ಕಿ ಜಾಮಿಟ್ರಿ ಬಾಕ್ಸು ಚಪ್ಪಟೆಯಾಯಿತು. ಹೊಸದಾಗಿ ಬಂದಿದ್ದ ಟೀಚರು ಶಿವರಂಜಿನಿ, ಮೆದು ಮಾತಿನ ಹೆಣ್ಣುಮಗಳು, ಆ ಬಾಕ್ಸನ್ನು ತಂದು ಮೇಷ್ಟ್ರ ಮೇಜಿನ ಮೇಲೆ ಇಟ್ಟರು.

"ಸರ್, ನಾಳೆಯಿಂದ ನಾನು ಬೇವಿನ ಮರದ ಕೆಳಗೆ ಪಾಠ ಮಾಡ್ತೀನಿ. ಮಳೆ ಬಂದ್ರೆ ಮನೆಗೆ ಕಳಿಸ್ತೀನಿ. ನಾಲ್ಕು ದಿನ ಕಳಿಸಿದ್ರೆ ಐದನೇ ದಿನ ಪ್ರೈವೇಟ್ ಸ್ಕೂಲಿನ ವ್ಯಾನು ಊರೊಳಗೆ ಬರುತ್ತೆ. ನೀವೇ ಯೋಚನೆ ಮಾಡಿ ಸರ್."

ಅವತ್ತೇ ಠರಾವು ಆಯಿತು.

ಸಾಮಾನಿಗೆ ಮೂರು ಅಂಗಡಿಯ ದರಪಟ್ಟಿ ಬೇಕು ಅಂದರು ಮೇಷ್ಟ್ರು. ಮೂರನ್ನೂ ನಾನೇ ತಂದುಕೊಡುತ್ತೇನೆ, ನೀವ್ಯಾಕೆ ಅಲೆದಾಡುತ್ತೀರಿ ಅಂದೆ. ವ್ಯಾಪಾರದಲ್ಲಿ ಇದು ಉಪಕಾರದ ಲೆಕ್ಕ. "ಮೂರೂ ನಿಮ್ ಕೈಬರವೇ ಇರ್ತದ ಪುಟ್ಟರಾಜಣ್ಣ" ಅಂದವರೇ ರಜ ಹಾಕಿ, ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ, ಬೀದಿ ಸುತ್ತಿ, ಎರಡು ನಿಜವಾದ ದರಪಟ್ಟಿ ತಂದರು. ಅದರಲ್ಲೊಬ್ಬ ನನಗಿಂತ ಜಾಸ್ತಿ ಬರೆದಿದ್ದ. ನಾನು ಏರಿಸಬೇಕಾಯಿತು. ನಾನು ಮೊದಲನೇ ಸಲ ತಪ್ಪಿದ್ದು ಅಲ್ಲಿ.

ಎಣಿಸುವ ದಿನ ಶನಿವಾರ ಬೆಳಿಗ್ಗೆ. ಲಗೇಜ್ ಆಟೋ ತಗೊಂಡು ನಾನೇ ಹೋದೆ. ಸೀಟಿನ ಕೆಳಗೆ ಗೋಣಿಯಲ್ಲಿ ಗಿರಣಿಯ ಗಂಟೆ. ಮೇಷ್ಟ್ರೂ ನಾನೂ ಒಳಗೆ ಹೋಗಿ ಐದು ನಿಮಿಷದಲ್ಲಿ ಕೆಲಸ ಮುಗಿಸಿಬಿಡುವ ಅಂದಾಜಿತ್ತು. ಅಲ್ಲಿ ನೋಡಿದರೆ ಶಿವರಂಜಿನಿ ಟೀಚರು ಏಳನೇ ಕ್ಲಾಸಿನವರನ್ನು ಸಾಲಾಗಿ ನಿಲ್ಲಿಸಿದ್ದಾರೆ. ಪಟ್ಟಿ ಮಾಡುವುದೂ ಒಂದು ಪಾಠವಂತೆ. ಹರ್ಷಿತಾ ಕೈಯಲ್ಲಿ ಸ್ಟಾಕ್ ಬುಕ್ಕು, ಪೆನ್ನು. ಅವಳು ಓದುವುದು, ಉಳಿದವರು ವಸ್ತು ಆಚೆ ತಂದು "ಅದೇ!" ಅಂತ ಕೂಗುವುದು.

ಬೀಗ ತೆಗೆದದ್ದೇ ಹಲ್ಲಿಗಳು ಓಡಿದವು. ಮಕ್ಕಳು ಅದಕ್ಕಿಂತ ಜೋರಾಗಿ ಓಡಿದರು.

"ಮರದ ಬೆಂಚು, ಹದಿನಾಲ್ಕು."

"ಅದೇ!"

"ಕಾಲೆಲ್ಲೋ ಅದರದ್ದು?" ಅಂದ ಶಿವಮಲ್ಲು. "ಕಾಲ್ ಬರ್ದಿಲ್ಲ ಕಣಣ್ಣ, ಬೆಂಚು ಅಂತ ಅಷ್ಟೇ ಅದ" ಅಂದಳು ಹುಡುಗಿ. ನಾನೂ ನಕ್ಕೆ. ಕೊಪ್ಪರಿಗೆ ಬಂತು, ಟ್ರಂಕು ಬಂತು, ಕಂಪ್ಯೂಟರು ಮೂರೂ ಬಂದವು, ಒಂದರೊಳಗೆ ಇಲಿಯ ಸಂಸಾರ. ನೆಲ ಕಾಣುತ್ತಾ ಬಂದ ಹಾಗೆ ಮೇಷ್ಟ್ರ ಮುಖ ಬಿಳಿಚುತ್ತಾ ಬಂತು. ಎಂಬತ್ತಾರು ಬಾಬ್ತು ಸರಿಯಾಯಿತು.

"ಕಂಚಿನ ಗಂಟೆ, ಒಂದು."

ಮಕ್ಕಳು ಒಳಕ್ಕೆ ನುಗ್ಗಿದರು. ಮೂಲೆ ನೋಡಿದರು, ಬಾಗಿಲ ಹಿಂದೆ ನೋಡಿದರು, ಕೊಪ್ಪರಿಗೆ ಬೋರಲು ಹಾಕಿ ನೋಡಿದರು. "ಇಲ್ಲ ಮಿಸ್!"

"ಸರಿಯಾಗಿ ನೋಡ್ರೋ" ಅಂದರು ಟೀಚರು.

ನಾನು ಅಷ್ಟೊತ್ತಿಗೆ ಆಟೋ ಹತ್ತಿರ ಬಂದು ಗೋಣಿಯ ಮೇಲೆ ಕೈ ಇಟ್ಟಿದ್ದೆ. ಇಲ್ಲೇ ಸಾಮಾನಿನ ಜೊತೆ ಆಟೋಗೆ ಬಂದ್ಬುಟ್ಟದ ನೋಡ್ರಪ್ಪ, ಅಂದರೆ ಸಾಕಿತ್ತು. ಮೇಷ್ಟ್ರು ನನ್ನ ಕಡೆ ನೋಡಿದರು. ಗೋಣಿಯ ಕಡೆ ನೋಡಿದರು. ಹರ್ಷಿತಾ ಪೆನ್ನು ಹಿಡಿದುಕೊಂಡೇ ಇದ್ದಳು. ಪುಸ್ತಕದಲ್ಲಿ ಎರಡು ಮನೆ, ಇದೆ, ಇಲ್ಲ.

"ಏನ್ ಬರೀಲಿ ಸಾರ್?"

ಮೇಷ್ಟ್ರು ಕೆಮ್ಮಿದರು. ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು, ಮತ್ತೆ ಹಾಕಿಕೊಂಡರು. ನಾನು ತಡೆಯಲಾರದೆ ಗೋಣಿಯ ಬಾಯಿ ಬಿಚ್ಚಿಯೇ ಬಿಟ್ಟಿದ್ದೆ.

"ಇಲ್ಲ ಅಂತ ಬರಿ ಕಣಮ್ಮಿ."

"ಇಲ್ಲ ಅಂದ್ರ ಯಾರ್ ತಕ್ಕಂಡೋದ್ರು ಸಾರ್?"

"ನನ್ ವಶದಲ್ಲಿತ್ತು. ಪಕ್ಕದಲ್ಲಿ ನನ್ ಹೆಸ್ರ ಬರಿ."

ಅವಳು ದುಂಡಗೆ ಬರೆದಳು. ಅವರು ಕೆಳಗೆ ಸಹಿ ಹಾಕಿ, ಚೀಲದಿಂದ ಸೀಲು ತೆಗೆದು ಒತ್ತಿದರು. ನಾನು ಗೋಣಿಯ ಬಾಯಿ ಕಟ್ಟಿದೆ. ಅವರ ಬೆಲೆ ಕಟ್ಟುವುದರಲ್ಲಿ ನನ್ನ ಎರಡನೇ ತಪ್ಪು ಅದು.

ಸಾಮಾನು ತುಂಬಿದ ಮೇಲೆ ಕೇಳಿದೆ, ಯಾಕೆ ಹಿಂಗ್ ಮಾಡುದ್ರಿ, ಆಯ್ತು ಅಂದಿದ್ರಲ್ಲ ಅಂತ. "ಎಂಬತ್ತಾರು ಸರಿ ಬರುದ್ಬುಟ್ಳು ಮಗ. ಎಂಬತ್ತೇಳನೇದ್ನ ನಾನ್ ತಪ್ಪು ಹೇಳ್ಕೊಡದಾ?" ಅಂದರು. ಅವರು ಬರೆಸಿದ್ದೂ ಪೂರ್ತಿ ನಿಜವಲ್ಲ. ಹೊರಿಸಬಹುದಾದ ಇಬ್ಬರ ಹೆಸರಿತ್ತು. ಒಬ್ಬರು ತೀರಿಹೋದವರು, ಇನ್ನೊಬ್ಬ ಅಲ್ಲೇ ಎದುರಿಗೆ ಆಟೋಗೆ ಒರಗಿ ನಿಂತಿದ್ದವನು. ಇಬ್ಬರದನ್ನೂ ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸೋಮವಾರ ಮಕ್ಕಳು ಪಡುವಲ ರೂಮಿಗೆ ಬಂದರು. ಸುಣ್ಣ ಹೊಡೆಸಿ, ನಾನು ಸಾಮಾನಿಗೆ ಕೊಟ್ಟ ಹಣದಲ್ಲಿ ಎರಡು ಫ್ಯಾನು ಹಾಕಿಸಿದರು. ಮೂಡಲ ರೂಮಿನ ಬಾಗಿಲಿಗೆ ಬೊಂಬು ಅಡ್ಡ ಕಟ್ಟಿದೆ. ಮೇ ಮೂವತ್ತೊಂದಕ್ಕೆ ಮೇಷ್ಟ್ರಿಗೆ ಹಾರ ಹಾಕಿದರು. ಚಾರ್ಜ್ ವಹಿಸಿಕೊಂಡವರು ಶಿವರಂಜಿನಿ ಟೀಚರು. ಸಹಿ ಹಾಕಲು ಪೆನ್ನು ತೆಗೆದರೆ ಇವರು ತಡೆದರಂತೆ: "ಬೀರು ತಗೀರಿ ಮೇಡಂ, ಎಲ್ಲಾನೂ ಎಣಿಸ್ಕಳಿ. ನಂಗೇನ್ ಬೇಜಾರಿಲ್ಲ." ಎಣಿಸುವ ಹೊತ್ತಿಗೆ ಕೇಸರಿಬಾತ್ ಆರಿಹೋಗಿತ್ತು ಅಂತ ಶಿವಮಲ್ಲು ಈಗಲೂ ಗೊಣಗುತ್ತಾನೆ.

ಪೆನ್ಷನ್ ಬಂದಿಲ್ಲ. ಮೇಷ್ಟ್ರು ಪ್ರತಿ ಮಂಗಳವಾರ ಬಸ್ಸು ಹತ್ತಿ ಆಫೀಸಿಗೆ ಹೋಗುತ್ತಾರೆ, ವಾಪಸ್ ಬರುವಾಗ ನನ್ನ ಡ್ರಮ್ಮಿನ ಮೇಲೆ ಕೂತು ಟೀ ಕುಡಿಯುತ್ತಾರೆ. ಹೋದ ವಾರ ಹೇಳಿದರು. ಗಂಟೆಯ ಬೆಲೆ ನನ್ನ ಕೈಯಿಂದಲೇ ಕಟ್ಟಿಬಿಡುತ್ತೇನೆ, ಫೈಲು ಮುಚ್ಚಿ ಅಂದರಂತೆ. ಆಗಬಹುದು, ಬೆಲೆ ಎಷ್ಟು ಅಂತ ನಿಗದಿ ಮಾಡಿಸಬೇಕು, ವಸ್ತು ತನ್ನಿ ಅಂದರಂತೆ ಗುಮಾಸ್ತರು.

"ವಸ್ತು ಇಲ್ಲ ಅಂತಲೇ ಅಲ್ವಾ ಸ್ವಾಮಿ ಕೇಸು, ಅಂದಿ ನಾನು. ಹಂಗಾದ್ರ ಅದರ ತೂಕ, ಲೋಹ ಗೊತ್ತಿರೋರು ಯಾರಾದ್ರೂ ಇದ್ರೆ ಬರುಸ್ಕಂಡ್ ಬನ್ನಿ, ನಿಮ್ ಮಾತು ನಡಿಯಲ್ಲ, ಅಂದ್ರು."

ಇಷ್ಟು ಹೇಳಿ ನಕ್ಕರು. ಟೀ ಮುಗಿಸಿ ಲೋಟ ಕೆಳಗಿಟ್ಟರು. ನನ್ನನ್ನು ಏನೂ ಕೇಳಲಿಲ್ಲ. ಈ ವಾರವೂ ಕೇಳಲಿಲ್ಲ.

ಸರ್ಕಾರಿ ಮಾಲು ಕೊಂಡೆ ಅಂತ ಗುಜರಿಯವನೇ ಬರೆದುಕೊಟ್ಟರೆ, ಮಾರನೇ ದಿನದಿಂದ ತಾಲ್ಲೂಕಿನಲ್ಲಿ ಕಳುವಾದ ಕಬ್ಬಿಣವನ್ನೆಲ್ಲ ಅವನ ಅಂಗಡಿಯಲ್ಲೇ ಹುಡುಕುತ್ತಾರೆ. ಅದು ನನ್ನ ಅಂಜಿಕೆ. ದೊಡ್ಡಮಾದಮ್ಮನ ಪೆನ್ಷನ್ನಿಗೆ ತೊಂದರೆಯಾದೀತು ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ತಂದವರು ಯಾರೋ ನೆನಪಿಲ್ಲ ಅಂತ ಗುಜರಿಯವನು ಹೇಳಿದರೆ ನಂಬದೇ ಇರುವವರು ಯಾರಿದ್ದಾರೆ? ನಮ್ಮ ಕಸುಬಿನ ಕೆಟ್ಟ ಹೆಸರು ಒಬ್ಬರಿಗೆ ಉಪಯೋಗಕ್ಕೆ ಬರುವ ಜಾಗ ಇದೊಂದೇ. ಇದು ನನಗೆ ಆ ಶನಿವಾರದಿಂದಲೇ ಗೊತ್ತು.

ನಾಗಯ್ಯ ಮೇಷ್ಟ್ರಿಗೆ ನಾನು ಒಂದು ಕಾಗದ ಕೊಡಬೇಕು: ಕಂಚಿನ ಗಂಟೆ, ಆರೂವರೆ ಕೆಜಿ, ಕೊಂಡವನು ನಾನು, ಕೆಳಗೆ ನನ್ನ ನಿಜವಾದ ಹೆಸರು, ಸಹಿ.